ಸೋರಿದ್ದೆಲ್ಲ ತೀರ್ಥ

“ಏ ಸಾಬಿ, ಕಣ್ಣೇನು ಮುಕಳ್ಯಾಗ ಇಟ್ಕೊಂಡೀಯೇನ? ಎತ್ತು ಆ ಜಾಕೀಟ! ತೀರ್ಥದಾಗ ಹೊಲಸು ಅದ್ದಲಿಕತ್ತೀಯಲ್ಲ, ರಂಡೆ!”

ಸಾಬಮ್ಮನ ಕೈ ನೀರಿನಲ್ಲೇ ನಿಂತಿತು. ತಲೆ ಎತ್ತಿ ನೋಡಿದಳು. ಒಡ್ಡಿನ ಮೆಟ್ಟಿಲ ಮೇಲೆ ಶಾಂತಯ್ಯ ಸ್ವಾಮಿ ಮಡಿಯ ಧೋತರ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ಗಂಟೆ ಹಿಡಿದು ನಿಂತಿದ್ದ. ಬೈಯುವಾಗ ಕೈ ಬೀಸುವುದು ಅವನ ರೂಢಿ. ಹಾಗಾಗಿ ಒಂದೊಂದು ಬೈಗುಳಕ್ಕೂ ಗಂಟೆ ತಾನಾಗಿಯೇ ಬಡಿದುಕೊಳ್ಳುತ್ತಿತ್ತು.

“ಯಾವ ತೀರ್ಥ ರೀ ಸ್ವಾಮ್ಯಾರ?” ಎಂದಳು ಸಾಬಮ್ಮ.

ಕೊಂಕಿನಿಂದ ಕೇಳಿದ್ದಲ್ಲ. ಖರೇನೇ ಗೊತ್ತಿರಲಿಲ್ಲ. ನಿನ್ನೆ ಸಂಜೆ ಕೆಲಸ ಮುಗಿಸಿ ಹೋಗುವಾಗ ಅದು ಡ್ಯಾಮಿನಿಂದ ಸೋರುವ ನೀರಾಗಿತ್ತು. ಬೆಳಗಾಗುವುದರೊಳಗೆ ತೀರ್ಥವಾಗಿತ್ತು. ಸೋರುವ ತೂತಿಗೆ ಶಹಾಬಾದ ಕಲ್ಲಿನಲ್ಲಿ ಕೆತ್ತಿದ ಆಕಳ ಮುಖ ಕೂಡಿಸಿದ್ದರು. ಆಕಳ ಬಾಯಿಂದ ನೀರು ಬೀಳುವಲ್ಲಿ ಒಂದು ಕಲ್ಲಿನ ಬಾನಿ. ಬಾನಿಯ ಅಂಚಿಗೆ ಅರಿಷಿಣ, ಕುಂಕುಮ, ಚೆಂಡು ಹೂವು. ದಿನವೂ ಇದೇ ಜಾಗದಲ್ಲಿ ಬೋಟು ಹತ್ತುವವರು ತೊಡುವ ತೇಲು ಜಾಕೆಟ್ಟು ತೊಳೆಯುವ ಸಾಬಮ್ಮ, ಗೌಡರು ಕಡೆಗೂ ತನಗೊಂದು ಬಾನಿ ಮಾಡಿಸಿಕೊಟ್ಟರಲ್ಲ ಎಂದು ಖುಷಿಯಿಂದಲೇ ಕುಕ್ಕರಗಾಲಲ್ಲಿ ಕುಳಿತಿದ್ದಳು. ಹೂವು ಯಾಕೆ ಎಂದು ಒಂದು ಗಳಿಗೆ ಅನಿಸದೆ ಇರಲಿಲ್ಲ. ಶ್ರಾವಣ ನಡೆದಿದೆ, ಗೌಡರ ಮನೆಯವರು ಬೋಟಿಗೂ ಹೂವಿಡುತ್ತಾರೆ, ಬಾನಿಗೂ ಇಟ್ಟಿರಬೇಕು ಎಂದುಕೊಂಡಿದ್ದಳು.

ಬಡವರು ಮಾಡುವ ತಪ್ಪು ಇಂಥದ್ದೇ. ತಮಗಾಗಿ ಯಾರೋ ಏನೋ ಮಾಡಿಸಿದ್ದಾರೆ ಎಂದು ತಿಳಿದುಕೊಂಡುಬಿಡುತ್ತಾರೆ.

“ಗಂಗವ್ವ ಕನಸಿನ್ಯಾಗ ಬಂದಿದ್ಲು,” ಎಂದ ಸ್ವಾಮಿ ಕೆಳಗಿಳಿಯುತ್ತ. “ನಾ ಇಲ್ಲಿ ಒಡದು ಬಂದೀನಿ, ನನ್ನ ಸೋರೂ ನೀರಂತ ತಿಳಿಬ್ಯಾಡ ಅಂದ್ಲು. ಸರಿ ಹಿಂದಕ್ಕ! ಇನ್ನೂ ಹಿಂದಕ್ಕ!”

ಸಾಬಮ್ಮ ಸರಿದಳು. ಸರಿಯುವಾಗ ಜಾಕೆಟ್ಟಿನಿಂದ ಇನ್ನೊಂದಿಷ್ಟು ನೀರು ಬಾನಿಗೆ ತೊಟ್ಟಿಕ್ಕಿತು. ಸ್ವಾಮಿ ಎದೆಗೆ ಗುಂಡು ಬಡಿದವನಂತೆ ನಿಂತ. ಆಮೇಲೆ ಅವನು ಮಾಡಿದ್ದನ್ನು ನೋಡುವ ಭಾಗ್ಯ ಹಾಲಗುರ್ತಿ ಊರಿನಲ್ಲಿ ಅಲ್ಲಿಯತನಕ ಯಾರಿಗೂ ಸಿಕ್ಕಿರಲಿಲ್ಲ. ಹುಟ್ಟಿದಾಗಿನಿಂದ ಒಂದು ಕೊಡ ನೀರು ಎತ್ತದ ಶಾಂತಯ್ಯ ಸ್ವಾಮಿ ಬಕೀಟು ತಂದು, ಬೆನ್ನು ಬಾಗಿಸಿ, ಬಾನಿಯ ನೀರನ್ನೆಲ್ಲ ಬಳಿಬಳಿದು ಚೆಲ್ಲಿದ. ತಳದಲ್ಲಿ ಉಳಿದದ್ದನ್ನು ಧೋತರದ ಚುಂಗಿನಿಂದ ಒರೆಸಿದ. ಗೋಮೂತ್ರ ಚಿಮುಕಿಸಿದ. ಏದುಸಿರು ಬಿಡುತ್ತ ಹೇಳಿದ:

“ನಿಮ್ಮಂಥೋರ ಕೈ ತಾಗಿದ್ ನೀರ್ ಒಂದ್ ಹನಿ ಉಳಿಬಾರ್ದು. ಖಾಲಿ ಮಾಡಿ ಹೊಸಾ ನೀರ್ ತುಂಬಬೇಕು. ಅದು ಶಾಸ್ತ್ರ.”

“ಭಾಳ ಕಷ್ಟದ ಶಾಸ್ತ್ರ ಅದ ರೀ,” ಎಂದಳು ಸಾಬಮ್ಮ, ಮರುಕದಿಂದಲೇ.

ಈ ಡ್ಯಾಮಿಗೆ ಒಂದು ಕಥೆಯಿದೆ. ಮೊದಲು ಅದು ಮಳೆನೀರು ನಿಲ್ಲಿಸಿ ನೆಲಕ್ಕಿಂಗಿಸುವ ಜಿನುಗು ಕೆರೆ. ಹಳ್ಳಕ್ಕೆ ಅಡ್ಡ ಒಡ್ಡು ಹಾಕಿದಾಗ ಮೊರಮು ಮಣ್ಣು ಹೊತ್ತವರಲ್ಲಿ ಸಾಬಮ್ಮನೂ ಇದ್ದಳು. ಆಗ ಹೊಲಕ್ಕೆ ನೀರು ಎಂದಿದ್ದರು. ಹೊಲಗಳೆಲ್ಲ ಅಣವೀರಪ್ಪ ಗೌಡನವೇ ಆದ್ದರಿಂದ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಮೇಲೆ ಗೌಡ ಅದನ್ನು ಗುತ್ತಿಗೆ ಹಿಡಿದು, ಬಾತುಕೋಳಿ ಆಕಾರದ ಬೋಟು ಬಿಟ್ಟು, ಹುಲ್ಲು ಬೆಳೆಸಿ, ಸಿಮೆಂಟಿನ ಜಿರಾಫೆ ನಿಲ್ಲಿಸಿ ‘ಹಾಲಗುರ್ತಿ ಜಲವಿಹಾರ’ ಎಂದು ಹೆಸರಿಟ್ಟ. ರವಿವಾರ ವಾಡಿ, ಶಹಾಬಾದ, ಚಿತ್ತಾಪುರದಿಂದ ಮಂದಿ ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದರು. ಒಡ್ಡಿನ ಮೇಲೆ ದೊಡ್ಡದೊಂದು ಬೋರ್ಡು: ‘ನಿಮ್ಮ ಸುರಕ್ಷತೆಯೇ ನಮ್ಮ ಧ್ಯೇಯ.’ ಆ ಬೋರ್ಡಿನ ಮುಖ ನೀರಿನ ಕಡೆ. ಬೆನ್ನು ಭೀಮನಗರದ ಕಡೆ.

ಭೀಮನಗರವೆಂದರೆ ಒಡ್ಡಿನ ಬುಡದಲ್ಲಿರುವ ಸಾಬಮ್ಮನ ಕೇರಿ. ಅದಕ್ಕೆ ಹೊಂದಿಕೊಂಡು ಭಜಿ ಮಾರುವ ಇಮಾಮ್‌ಬೀಯಂಥವರ ಒಂದಿಷ್ಟು ಮನೆಗಳು. ಊರು ಯಾರನ್ನೆಲ್ಲ ಒಳಗೆ ಬೇಡ ಎಂದಿತ್ತೋ ಅವರೆಲ್ಲ ಒಡ್ಡಿನ ಕೆಳಗೆ ಒಂದಾಗಿದ್ದರು. ಡ್ಯಾಮು ಸೋರುವುದು ಅವರಿಗೆ ಮಾತ್ರ ಗೊತ್ತಿದ್ದ ಗುಟ್ಟೇನಲ್ಲ. ಗೌಡನಿಗೂ ಗೊತ್ತಿತ್ತು, ಸ್ವಾಮಿಗೂ ಗೊತ್ತಿತ್ತು, ದನ ಕಾಯುವವರಿಗೂ ಗೊತ್ತಿತ್ತು. ಮೊದಲ ಮಳೆಗಾಲದಲ್ಲಿ ಎಮ್ಮೆ ಉಚ್ಚೆ ಹೊಯ್ದಷ್ಟು ಸೋರುತ್ತಿತ್ತು. ಈಗ ತೊಡೆ ಗಾತ್ರ ಬರುತ್ತಿತ್ತು. ಹೇಳಲು ಹೋದವರಿಗೆ ಗೌಡ, “ಜಿನುಗು ಕೆರಿ ಜಿನುಗದೆ ಏನ್ ಹಾಡ ಹೇಳ್ತದೇನ?” ಎಂದು ಕಳಿಸುತ್ತಿದ್ದ. ಡ್ಯಾಮಿನ ಸುರಕ್ಷತೆ ನೋಡಲು ಇಂಜಿನಿಯರ್ ಸಾಹೇಬರು ಬರುತ್ತಾರೆ ಎಂಬ ಸುದ್ದಿ ಬಂತು. ಅದರ ಮರುದಿನವೇ ಗಂಗವ್ವ ಸ್ವಾಮಿಯ ಕನಸಿನಲ್ಲಿ ಬಂದಳು. ದೇವರಿಗೂ ಇಲಾಖೆಯ ತಾರೀಖು ತಿಳಿಯುತ್ತದೆ ಎಂದಾಯಿತು.

*

ಇಂಜಿನಿಯರ್ ಸಾಹೇಬರು ಬಂದರು. ಮೊದಲು ತಮ್ಮ ಸುರಕ್ಷತೆ ನೋಡಿಕೊಂಡರು. ಸಾಬಮ್ಮ ತೊಳೆದು ಒಣಗಿಸಿದ್ದ ಜಾಕೆಟ್ಟುಗಳಲ್ಲಿ ಎಲ್ಲಕ್ಕಿಂತ ಹೊಸದನ್ನು ಆರಿಸಿ ತೊಟ್ಟು, ಬಾತುಕೋಳಿಯ ಬೆನ್ನೇರಿ ಡ್ಯಾಮಿನ ಸುತ್ತ ಒಂದು ಸುತ್ತು ಹಾಕಿದರು. ಬೋಟು ನಡೆಸಿದವನು ಸಾಬಮ್ಮನ ಮಗ ದಶರಥ. ದಿನವಿಡೀ ನೀರಿನ ಮೇಲೆಯೇ ಇರುವ ದಶರಥನಿಂದ ನೀರು ಯಾವತ್ತೂ ಕೆಟ್ಟಿರಲಿಲ್ಲ. ಅವನಿಗೂ ನೀರಿಗೂ ನಡುವೆ ಪ್ಲಾಸ್ಟಿಕ್ಕಿನ ಬಾತುಕೋಳಿ ಇತ್ತು, ಮಂದಿ ಟಿಕೇಟು ತೆಗೆದಿದ್ದರು. ಕೈ ಮಾತ್ರ ಅದ್ದಬಾರದು ಎಂದು ಗೌಡ ಮೊದಲ ದಿನವೇ ಹೇಳಿಟ್ಟಿದ್ದ.

ತಪಾಸಣೆ ಆದ ಮೇಲೆ ಊಟ. ಊಟದಲ್ಲಿ ಹುರಣದ ಹೋಳಿಗೆ, ಎಣ್ಣೆಗಾಯಿ, ಸಜ್ಜೆ ರೊಟ್ಟಿ. ಒಡ್ಡಿಗಿಂತ ಹೊಟ್ಟೆಯ ಒತ್ತಡ ಹೆಚ್ಚಾಗಿ ಸಾಹೇಬರು ತೇಗುತ್ತ ಮೆಟ್ಟಿಲಿಳಿದು ಗೋಮುಖದ ಹತ್ತಿರ ಬಂದರು.

“ಬೂಟ ಬಿಚ್ರಿ ಸಾಹೇಬ್ರ,” ಎಂದ ಗೌಡ. “ಗಂಗವ್ವನ ಜಾಗಾ.”

ಸಾಹೇಬರು ಬೂಟು ಬಿಚ್ಚಿದರು. ಬರಿಗಾಲಲ್ಲಿ ನಿಂತ ಮನುಷ್ಯ ಅರ್ಧ ಭಕ್ತನೇ. ಆದರೂ ಓದಿದವರು, ಕಣ್ಣು ಮುಚ್ಚಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

“ನೀರು ಕೆಂಪಗೆ ಬರ್ಲಿಕತ್ತದಲ್ಲ ಗೌಡ್ರೆ? ಮಣ್ಣು ಅಲ್ಲೇನು ಇದು?”

“ಕುಂಕುಮ ತೀರ್ಥ ರೀ,” ಎಂದ ಸ್ವಾಮಿ, ಗಂಟೆ ಬಾರಿಸುತ್ತಲೇ. “ನಾಕ ದಿನದಿಂದ ಕೆಂಪಾಗ್ಯಾದ. ತಾಯಿ ಪ್ರಸನ್ನ ಆಗ್ಯಾಳ.”

ಸಾಹೇಬರು ಒಮ್ಮೆ ಒಡ್ಡನ್ನು ನೋಡಿದರು, ಒಮ್ಮೆ ಗೌಡನನ್ನು ನೋಡಿದರು. ಒಡ್ಡು ಸುಮ್ಮನಿತ್ತು. ಗೌಡ ಸುಮ್ಮನಿರುವ ಪೈಕಿ ಅಲ್ಲ. ಸಾಹೇಬರು ಅಂಗೈ ಒಡ್ಡಿದರು. ಸ್ವಾಮಿ ಉದ್ಧರಣೆಯಿಂದ ಹಾಕಿದ. ಸಾಹೇಬರು ಡ್ಯಾಮಿನ ಮಣ್ಣನ್ನು ಭಕ್ತಿಯಿಂದ ಗುಟುಕರಿಸಿ ಉಳಿದದ್ದನ್ನು ನೆತ್ತಿಗೆ ಸವರಿಕೊಂಡರು. ತಪಾಸಣೆಗೆಂದು ಬಂದವರು ಸಾಕ್ಷಿಯನ್ನೇ ಕುಡಿದು ಕೈ ಒರೆಸಿಕೊಂಡರು.

ದೂರದಲ್ಲಿ ಜಾಕೆಟ್ಟು ಒಣಹಾಕುತ್ತಿದ್ದ ಸಾಬಮ್ಮ ಅಲ್ಲಿಂದಲೇ ಕೂಗಿದಳು.

“ಸಾಹೇಬ್ರ, ನಮ್ಮ ಮನಿ ಇದರ ಕೆಳಗೇ ಅದ ರೀ. ಮನ್ಯಾಗ ನೆಲದಾಗಿಂದ ನೀರ್ ಏಳ್ಲಿಕತ್ತದ. ಸೊಸಿ ಹಸಿ ಬಾಣಂತಿ ಅದಾಳ್ರಿ. ಒಂದೀಟ್ ಬಂದು ನೋಡ್ರಿ ಯಪ್ಪಾ.”

“ನೋಡಮ್ಮಾ,” ಸಾಹೇಬರು ತಾಳ್ಮೆಯಿಂದ ತಿಳಿಹೇಳಿದರು, “ಇದು ಸೋರಿಕೆ ಅಲ್ಲ. ಬುಗ್ಗೆ. ಸೋರಿಕೆ ಆದ್ರ ನಮ್ಮ ಇಲಾಖೆಗೆ ಬರ್ತದ. ಬುಗ್ಗೆ ನಮಗ ಬರಂಗಿಲ್ಲ.”

“ಬುಗ್ಗಿ ಯಾರ ಇಲಾಖಿ ರೀ?”

“ದೇವ್ರ ಇಲಾಖಿ,” ಎಂದ ಸ್ವಾಮಿ.

“ನಿಂದು ಜಾಕೀಟ ತೊಳಿಯೂ ಇಲಾಖಿ,” ಎಂದ ಗೌಡ. “ಬಾಯಿ ಮುಚ್ಚಿ ತೊಳಿ.”

ಎಲ್ಲರೂ ನಕ್ಕರು. ಡ್ಯಾಮಿನ ಸ್ಥಿತಿ ತೃಪ್ತಿಕರವಾಗಿದೆ ಎಂದು ಹೇಳಿ ಸಾಹೇಬರು ಜೀಪು ಹತ್ತಿದರು. ಹೊರಡುವ ಮುಂಚೆ ಒಂದು ಬಾಟಲಿ ತೀರ್ಥ ಮನೆಗೂ ಒಯ್ದರು.

*

ಸಾಬಮ್ಮನ ಮನೆ ಒಂದೇ ಖೋಲಿಯದು. ನೆಲಕ್ಕೆ ಪರ್ಸಿ ಕಲ್ಲು ಹಾಸಿದ್ದರು. ಖಣಿಯಲ್ಲಿ ಒಡೆದು ಬಿಸಾಡಿದ ಚೂರುಗಳು, ದಶರಥನೇ ಹೊತ್ತು ತಂದು ಜೋಡಿಸಿದ್ದು. ಆ ಚೂರುಗಳ ಸಂದಿಯಿಂದ ಈಗ ನೀರು ಒಸರುತ್ತಿತ್ತು. ಕಾಲಿಟ್ಟರೆ ಕಲ್ಲು ಅಲ್ಲಾಡಿ ಪಚಕ್ಕೆಂದು ಕೆಸರು ಹಾರುತ್ತಿತ್ತು. ಬಾಣಂತಿ ಮಂಚದ ಕಾಲಿಗೆ ಕಲ್ಲು ಕೊಟ್ಟು ಎತ್ತರಿಸಿದ್ದರು. ಮೇಲೆ ಸೊಸೆ ರಾಧಿಕಾ, ಪಕ್ಕದಲ್ಲಿ ಅರಿವೆಯಲ್ಲಿ ಸುತ್ತಿದ ಹೆಣ್ಣು ಕೂಸು. ಮಂಚದ ಕೆಳಗೆ ಲೋಬಾನದ ಹೊಗೆ, ಹೊಗೆಯ ಕೆಳಗೆ ನೀರು.

“ಅತ್ತಿ, ಗೋಡಿ ಬೆವರ್ಲಿಕತ್ತದ ನೋಡ್ರಿ,” ಎಂದಳು ರಾಧಿಕಾ. “ಕೂಸಿಗಿ ನೆಗಡಿ ಆಗ್ಯಾದ. ನಾ ಮಲಗಿದ್ರ ಒಡ್ಡು ನನ್ನ ತಲಿಮ್ಯಾಗೇ ಕುಂತಂಗ ಆಗ್ತದ.”

ದಶರಥ ಬಾಗಿಲಲ್ಲಿ ಕುಳಿತು ಬೀಡಿ ಸೇದುತ್ತಿದ್ದ.

“ಅರ್ಧ ನೀರ್ ಇಳಿಸಿದ್ರ ಸಾಕವ್ವ,” ಎಂದ. “ಆದ್ರ ತೂಬಿನ ಗಾಲಿ ತಿರುವೂ ಹ್ಯಾಂಡಲ್ಲ ಗೌಡ್ರ ಮನ್ಯಾಗ ಅದ. ನನಗ ಕೇಳೂ ಧೈರ್ಯ ಇಲ್ಲ. ಕೇಳಿದ್ರ ಬೋಟೂ ಇಲ್ಲ, ಊಟಾನೂ ಇಲ್ಲ.”

“ನೀ ಕುಂದ್ರು. ನಾ ಕೇಳ್ತೀನಿ.”

ಗೌಡನ ಪಡಸಾಲೆಯಲ್ಲಿ ಮಂದಿ ಕೂತಿದ್ದರು. ಬರುವ ಸೋಮವಾರ ಡ್ಯಾಮಿಗೆ ಗಂಗಾಪೂಜೆ, ಮುತ್ತೈದೆಯರಿಂದ ಬಾಗಿನ. ದೊಡ್ಡ ಮಂದಿ ಬರುವವರಿದ್ದರು. ಯಾರಿಗೆ ಯಾವ ಹಾರ ಎಂಬ ಮಾತು ನಡೆದಿತ್ತು. ಸಾಬಮ್ಮ ಅಂಗಳದಲ್ಲಿ ನಿಂತು ಕೈಮುಗಿದಳು.

“ಗೌಡ್ರ, ಮಳಿ ಕಳ್ಯೂ ತನಕ ಅರ್ಧ ನೀರ್ ಬಿಡಿಸ್ರಿ.”

“ಅರ್ಧ ಬಿಟ್ರ ಬೋಟ ನಿಮ್ಮಪ್ಪ ಕೆಸರಾಗ ಜಗ್ತಾನೇನ?”

“ಒಡ್ಡು ಒಡದ್ರ ಹ್ಯಾಂಗ್ರಿ ಧಣಿ? ಕೆಳಗ ನಾವ್ ಅದೀವಿ.”

“ನಿಮಗ್ಯಾರು ಕೆಳಗ ಇರ್ರಿ ಅಂದಾರ?” ಎಂದ ಗೌಡ. ಅವರನ್ನು ಅಲ್ಲಿ ಇರಿಸಿದವನು ಅವನ ಮುತ್ಯಾ. ಆಗ ಡ್ಯಾಮು ಇರಲಿಲ್ಲ, ಬರಿಯ ಹಳ್ಳವಿತ್ತು. “ಒಡದ್ರ ಒಂದೊಂದ್ ಜಾಕೀಟ ಹಾಕ್ಕೊಂಡು ಕುಂದ್ರಿ. ನೀನೇ ತೊಳದಿಟ್ಟೀಯಲ್ಲ, ಬೇಷ್ ತೇಲ್ತಾವ.”

ಪಡಸಾಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಜಾಕೀಟ ದೊಡ್ಡಾವ್ರಿ ಯಪ್ಪಾ,” ಎಂದಳು ಸಾಬಮ್ಮ. “ಕೂಸಿಗಿ ಆಗಂಗಿಲ್ಲ.”

ನಗು ನಿಲ್ಲಲಿಲ್ಲ, ಸ್ವಲ್ಪ ತಗ್ಗಿತು ಅಷ್ಟೆ. ಒಬ್ಬಾತ ಹಾರದ ಮಾತು ಮತ್ತೆ ಎತ್ತಿದ.

*

ವಾಪಸು ಬರುವಾಗ ಸಾಬಮ್ಮ ಜಲವಿಹಾರದ ಗೇಟಿನ ಹತ್ತಿರ ಇಮಾಮ್‌ಬೀಯ ಒಲೆಯ ಮುಂದೆ ಕುಳಿತಳು. ಇಮಾಮ್‌ಬೀ ಅಲ್ಲಿ ಮಿರ್ಚಿ ಭಜಿ ಮಾಡುತ್ತಾಳೆ. ಅವಳ ಕೈಯ ಭಜಿಯನ್ನು ಇಡೀ ಊರು ತಿನ್ನುತ್ತದೆ. ಎಣ್ಣೆಯಲ್ಲಿ ಕರಿದದ್ದಕ್ಕೆ ಜಾತಿ ಅಂಟುವುದಿಲ್ಲ ಎಂದು ಊರು ಯಾವಾಗಲೋ ಠರಾವು ಮಾಡಿಕೊಂಡಿದೆ.

“ಕ್ಯಾ ಅಂದಾ ಗೌಡ?” ಎಂದಳು ಇಮಾಮ್‌ಬೀ.

“ಜಾಕೀಟ ಹಾಕ್ಕೊಂಡು ಕುಂದ್ರಿ ಅಂದ.”

“ತೌಬಾ! ಬುರ್ಖಾದ ಮ್ಯಾಲ ಹಾಕ್ಬೇಕೋ, ಒಳಗ ಹಾಕ್ಬೇಕೋ, ಕೇಳಿ ಬರೂದಿಲ್ಲೇನ ಸಾಬಕ್ಕಾ?”

ಸಾಬಮ್ಮ ನಗಲಿಲ್ಲ. ಒಡ್ಡಿನ ಕೆಳಗೆ ಶಾಂತಯ್ಯ ಸ್ವಾಮಿ ಮತ್ತೆ ಬಕೀಟು ಹಿಡಿದು ಬಾನಿಯ ನೀರು ಬಳಿಯುತ್ತಿದ್ದ. ಕೇರಿಯ ನಾಯಿಯೊಂದು ಬಾಯಿ ಹಾಕಿ ಹೋಗಿತ್ತಂತೆ. ಅದೂ ಭೀಮನಗರದ ನಾಯಿ. ಸ್ವಾಮಿ ಬಗ್ಗುವುದು, ಏಳುವುದು, ಸೊಂಟ ಹಿಡಿದುಕೊಳ್ಳುವುದು. ಸಾಬಮ್ಮ ಅದನ್ನೇ ನೋಡುತ್ತ ಕುಳಿತಳು. ಗೌಡನ ಕೈಕಾಲು ಹಿಡಿದರೂ ಒಂದು ಹನಿ ಇಳಿಯದ ನೀರು, ಒಂದು ನಾಯಿಯ ನಾಲಿಗೆಗೆ ಇಳಿಯುತ್ತಿತ್ತು. ಬಾಣಂತಿಗಾಗಿ ಇಳಿಯದ್ದು ಶಾಸ್ತ್ರಕ್ಕಾಗಿ ಇಳಿಯುತ್ತಿತ್ತು.

“ಇಮಾಮ್‌ಬೀ,” ಎಂದಳು ನಿಧಾನಕ್ಕೆ. “ಬಾನಿ ಮುಟ್ಟಿದ್ರ ಬಾನಿ ಖಾಲಿ ಮಾಡ್ತಾನ. ಖರೇ?”

“ಖರೇ.”

“ಕೆರಿ ಮುಟ್ಟಿದ್ರ?”

ಇಮಾಮ್‌ಬೀಯ ಕೈಯಲ್ಲಿನ ಜಾಲರಿ ಸೌಟು ಎಣ್ಣೆಯ ಮೇಲೆಯೇ ನಿಂತಿತು. ಒಂದು ಭಜಿ ಕಪ್ಪಾಯಿತು.

“ಬರೇ ಮುಟ್ಟಿದ್ರ ಆಗಂಗಿಲ್ಲ,” ಎಂದು ಸಾಬಮ್ಮ ತನಗೆ ತಾನೇ ಹೇಳಿಕೊಂಡಳು. “ಯಾರೂ ನೋಡಿಲ್ಲ ಅಂತಾರ, ಗಪ್ಪ ಕುಂದಿರ್ತಾರ. ಪೂಜಿ ದಿನಾನೇ ಹೋಗ್ಬೇಕು. ಮಂದಿ ಮುಂದ. ಬಾಣಂತಿ ಕೌದಿ ತಗೊಂಡು.”

ಹಡೆದ ಮನೆಯ ಬಟ್ಟೆಗೆ ಪುರುಡಿನ ಮೈಲಿಗೆ. ಅದನ್ನು ಹರಿಯುವ ಹಳ್ಳದಲ್ಲೇ ಒಗೆಯಬೇಕು, ಕುಡಿಯುವ ನೀರಿನ ಹತ್ತಿರ ಒಯ್ಯಬಾರದು. ಗೌಡರ ಮನೆಯಲ್ಲೂ ಅದೇ ಕಟ್ಟಳೆ, ಕೇರಿಯಲ್ಲೂ ಅದೇ. ಮನೆಯ ಗೋಡೆಯ ಮೇಲಿನ ಬಾಬಾಸಾಹೇಬರ ಪಟದ ಮುಂದೆ ಸಾಬಮ್ಮ ಆ ಸಂಜೆ ಸ್ವಲ್ಪ ಹೊತ್ತು ನಿಂತಳು. ಅವರೂ ಕೆರೆಯ ನೀರು ಮುಟ್ಟಿದವರೇ. ಅವರು ಮುಟ್ಟಿದ್ದು ಕುಡಿಯಲಿಕ್ಕೆ, ಹಕ್ಕಿಗೆ. “ನಾವ್ ಕೆಡಸ್ಲಿಕ್ಕ ಹೊಂಟೀವಿ ಯಪ್ಪಾ,” ಎಂದಳು. “ಸಿಟ್ಟಾಗಬ್ಯಾಡ್ರಿ. ಕೂಸು ಸಣ್ಣದದ.”

*

ಸೋಮವಾರ ಬೆಳಿಗ್ಗೆ ಜಲವಿಹಾರದಲ್ಲಿ ಶಾಮಿಯಾನ ಎದ್ದಿತ್ತು. ಜಿರಾಫೆಯ ಕೊರಳಿಗೂ ಹಾರ. ಮುತ್ತೈದೆಯರು ಮೊರದಲ್ಲಿ ಕುಬಸದ ಕಣ, ಬಳೆ, ಹಣ್ಣು ಇಟ್ಟುಕೊಂಡು ನೀರಿನ ಅಂಚಿಗೆ ಸಾಲಾಗಿ ನಿಂತಿದ್ದರು. ಸ್ವಾಮಿ ಮೈಕಿನಲ್ಲಿ ಗಂಗವ್ವನ ಮಹಿಮೆ ಹೇಳುತ್ತಿದ್ದ. ಮೋಡ ಕವಿದಿತ್ತು, ಡ್ಯಾಮು ಕೋಡಿಯ ತನಕ ತುಂಬಿ ತುಳುಕುತ್ತಿತ್ತು.

ಒಡ್ಡಿನ ಆ ಕಡೆಯಿಂದ ಕೇರಿಯ ಹೆಂಗಸರು ಹತ್ತಿ ಬಂದರು. ಮುಂದೆ ಸಾಬಮ್ಮ, ತಲೆಯ ಮೇಲೆ ಬಾಣಂತಿ ಬಟ್ಟೆಯ ದೊಡ್ಡ ಗಂಟು. ಹಿಂದೆ ನೆರೆಮನೆಯ ಚನ್ನು, ಏಳು ತಿಂಗಳ ಬಸುರಿ, ಬೇಡ ಎಂದರೂ ಕೇಳದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಂದಿದ್ದಳು. ಅವಳ ಹಿಂದೆ ಉಳಿದವರು. ಎಲ್ಲರಿಗಿಂತ ಹಿಂದೆ ಇಮಾಮ್‌ಬೀ, “ನಾ ಮುಟ್ಟಿದ್ರೂ ಕೆಡ್ತದೋ ಇಲ್ಲೋ, ಇವತ್ತ ಗೊತ್ತಾಗ್ತದ,” ಎನ್ನುತ್ತ.

ಯಾರಿಗೂ ತಿಳಿಯುವ ಮೊದಲೇ ಅವರು ನೀರಿಗಿಳಿದರು. ಸೊಂಟದ ತನಕ. ಎದೆಯ ತನಕ. ಸಾಬಮ್ಮ ಗಂಟು ಬಿಚ್ಚಿದಳು. ಕೌದಿ ನೀರಿನ ಮೇಲೆ ಹರಡಿಕೊಂಡಿತು. ಹೆರಿಗೆಯ ಕಲೆಯಿದ್ದ ಸೀರೆ, ಕೂಸಿನ ಅರಿವೆ, ತಲೆಗೆ ಕಟ್ಟಿದ ಬಟ್ಟೆ ಒಂದೊಂದಾಗಿ ಬಾಗಿನದ ಮೊರಗಳ ಕಡೆಗೆ ತೇಲಿದವು.

ಮೈಕು ನಿಂತಿತು. ಅದರ ಬದಲಿಗೆ ಸ್ವಾಮಿಯ ಬರಿಗಂಟಲು.

“ಪುರುಡಿನ ಬಟ್ಟಿ! ಅಯ್ಯಯ್ಯೋ, ಪುರುಡಿನ ಬಟ್ಟಿ ಬಿಟ್ರು! ಗೌಡ್ರ, ನೀರ್ ಕೆಟ್ಟಿತು!”

ಗೌಡ ಶಾಮಿಯಾನದಿಂದ ಓಡಿ ಬಂದ. “ಏ ಹಲ್ಕಟ್ ರಂಡೇರ್ಯಾ! ಹೊರಗ ಬರ್ರಿ! ನಿಮ್ಮ ಜಾತಿ…” ಎಂದವನು ಅಲ್ಲಿಗೇ ತಡೆದ. ಪೂಜೆ ಚಿತ್ರ ಹಿಡಿಯಲು ಎತ್ತಿದ್ದ ಮೊಬೈಲುಗಳೆಲ್ಲ ಈಗ ಅವನ ಕಡೆಗೆ ತಿರುಗಿದ್ದವು. ಬಾಯಿಗೆ ಬಂದ ಶಬ್ದವನ್ನು ಗೌಡ ಕಹಿ ಔಷಧದಂತೆ ನುಂಗಿಕೊಂಡ. “ನಿಮ್ಮ… ಏನಿದು ನಿಮ್ಮ ಪದ್ಧತಿ?”

ಬೋಟಿನ ಹತ್ತಿರ ನಿಂತಿದ್ದ ದಶರಥ ಅಳು ಬಂದವನಂತೆ ಕೂಗಿದ. “ಯವ್ವಾ, ಬಾ ಹೊರಗ! ಕೆಲಸ ಹೋಗ್ತದ!”

ಸಾಬಮ್ಮ ಮಗನ ಕಡೆ ನೋಡಲಿಲ್ಲ. ಕೌದಿಯನ್ನು ಮುಳುಗಿಸಿ, ಎತ್ತಿ, ಹಿಂಡುತ್ತ ಸಮಾಧಾನದಿಂದ ಹೇಳಿದಳು.

“ಗೌಡ್ರ, ಗಂಗವ್ವ ದಿನಾ ನಮ್ಮನಿಗಿ ಬರ್ಲಿಕತ್ತಾಳ. ಹೇಳಂಗಿಲ್ಲ, ಕೇಳಂಗಿಲ್ಲ, ನೆಲಾ ಎಬ್ಬಿಸಿ ಬಾಣಂತಿ ಮಂಚದ ತನಕ ಬಂದಾಳ. ನಾವು ಒಂದಿನ ಆಕಿ ಮನಿಗಿ ಬರಬಾರ್ದೇನ್ರಿ?”

“ಅಲ್ಲೇನು ಮತ್ತ!” ಎಂದು ಇಮಾಮ್‌ಬೀ ಒಂದು ಮುಳುಗು ಹಾಕಿ ಎದ್ದಳು.

ಮುತ್ತೈದೆಯರ ಸಾಲಿನಲ್ಲಿ ಗುಜುಗುಜು ಎದ್ದಿತು. ಒಬ್ಬ ಮುದುಕಿ ಮೊರವನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು. “ಈ ನೀರಿಗಿ ನಾ ಬಾಗಿನ ಬಿಡಂಗಿಲ್ಲಪ್ಪಾ.” ಅವಳ ಹಿಂದೆ ಇನ್ನೊಬ್ಬಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ನೀರಿನ ಅಂಚಿನಲ್ಲಿ ಒಂದು ಮೊರವೂ ಉಳಿಯಲಿಲ್ಲ.

ಗೌಡ ಸ್ವಾಮಿಯನ್ನು ಪಕ್ಕಕ್ಕೆ ಎಳೆದ. ಪಕ್ಕ ಎಂದರೆ ಎಲ್ಲರಿಗೂ ಕೇಳುವಷ್ಟು ದೂರ.

“ಏನರೆ ಮಾಡು. ಗೋಮೂತ್ರ ಹಾಕು.”

“ಇಷ್ಟು ನೀರಿಗಿ ಗೋಮೂತ್ರ ಎಲ್ಲಿಂದ ತರ್ಲಿ? ಊರಾಗ ಅಷ್ಟು ಆಕಳಾ ಎಲ್ಲಿ ಅವ? ಎಲ್ಲಾ ಕಸಾಯಿ ಸಂತಿಗಿ ಹೊಡದೀರಿ,” ಎಂದ ಸ್ವಾಮಿ, ಸಿಟ್ಟಿನಲ್ಲಿ ನಿಜ ಮಾತಾಡಿಬಿಟ್ಟ. “ಬಾನಿ ಮುಟ್ಟಿದ್ರ ಬಾನಿ ಖಾಲಿ ಮಾಡೀನಿ ನಾ, ಮಂದಿ ನೋಡ್ಯಾರ. ಈಗ ಕೆರಿ ಖಾಲಿ ಮಾಡ್ಲಿಲ್ಲಂದ್ರ ನನ್ನ ತೀರ್ಥ ಯಾರ್ ಕುಡಿತಾರ?”

“ಬೋಟ ಹೆಂಗೋ ಸ್ವಾಮಿ?”

“ನಿಮಗ ಬೋಟ ಬೇಕೋ, ಗಂಗವ್ವ ಬೇಕೋ?”

ನಿನ್ನ ಗಂಗವ್ವನ… ಎನ್ನುವ ಎರಡನೆಯ ಶಬ್ದವನ್ನೂ ಗೌಡ ಮೊಬೈಲುಗಳನ್ನು ನೋಡಿ ನುಂಗಿದ. ಆ ದಿನ ಅವನ ಊಟ ಅಷ್ಟೇ ಆಯಿತು. ದೊಡ್ಡ ಮಂದಿಯ ಕಾರು ತೆಂಗಳಿ ಊರು ದಾಟಿತು ಎಂದು ಫೋನು ಬಂತು. ಬರುವವರ ಮುಂದೆ ನೀರಿನಲ್ಲಿ ತೇಲುವ ಕೌದಿ, ದಂಡೆಯಲ್ಲಿ ಮುಖ ತಿರುಗಿಸಿದ ಊರು. ಗೌಡ ಮನೆಗೆ ಆಳು ಓಡಿಸಿದ. ತೂಬಿನ ಹ್ಯಾಂಡಲ್ಲು ಬಂತು.

ತಿರುಗಿಸಬೇಕಾದವನು ದಶರಥ. ಬೇರೆ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ, ಬೇರೆ ಯಾರಿಗೂ ಅಂಗಿ ಹೊಲಸಾಗುವುದು ಬೇಕಿರಲಿಲ್ಲ. ಅವನು ತೂಬಿನ ಕಟ್ಟೆ ಹತ್ತಿ ಹ್ಯಾಂಡಲ್ಲು ಕೂಡಿಸಿದ. ಗಾಲಿ ಅಲುಗಲಿಲ್ಲ. ಸುರಕ್ಷತೆ ತೃಪ್ತಿಕರವಾಗಿದ್ದ ಆ ಗೇಟಿಗೆ ಡ್ಯಾಮು ಕಟ್ಟಿದಾಗಿನಿಂದ ಯಾರೂ ಎಣ್ಣೆ ಹಾಕಿರಲಿಲ್ಲ. ಇಮಾಮ್‌ಬೀ ನೀರಿನಿಂದಲೇ ಕೂಗಿದಳು, “ನನ್ನ ಕಡಾಯಿ ಎಣ್ಣಿ ತಗೋ ಬೇಟಾ!” ಭಜಿಯ ಎಣ್ಣೆ ಬಂತು. ಎಣ್ಣೆ ಕುಡಿದ ಗಾಲಿ ಎಮ್ಮೆ ಈಯುವಾಗ ನರಳಿದಂತೆ ನರಳಿ ಒಂದು ಸುತ್ತು ತಿರುಗಿತು. ಇನ್ನೊಂದು. ಒಡ್ಡಿನ ಆಚೆ ಹಳ್ಳದಲ್ಲಿ ನೀರು ಭೋರೆಂದಿತು.

ಆ ಸದ್ದು ಕೇಳಿದ ಮೇಲೆ ಸಾಬಮ್ಮ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದಳು. ಅವಳು ನಡೆದ ದಾರಿಯ ಹುಲ್ಲಿನ ಮೇಲಿಂದ ಮಂದಿ ಎರಡೂ ಕಡೆ ಸರಿದು ಜಾಗ ಬಿಟ್ಟರು. ದೊಡ್ಡ ಮಂದಿಗೆಂದು ಬಿಡಬೇಕಾಗಿದ್ದ ಜಾಗ ಅದು.

*

ನೀರು ದಿನದಿನಕ್ಕೆ ಇಳಿಯಿತು. ಜಲವಿಹಾರದ ಗೇಟಿಗೆ ಹೊಸ ಬೋರ್ಡು ಬಂತು: ‘ಅಣೆಕಟ್ಟೆಯ ಸುರಕ್ಷತೆಯ ಹಿತದೃಷ್ಟಿಯಿಂದ, ಮುನ್ನೆಚ್ಚರಿಕೆ ಕ್ರಮವಾಗಿ ನೀರನ್ನು ಹೊರಬಿಡಲಾಗಿದೆ.’ ಮುಟ್ಟಿದ್ದಕ್ಕೆ ಖಾಲಿ ಮಾಡಿದೆವು ಎಂದು ಬರೆದರೆ ಕೇಸಾಗುತ್ತದೆ. ಹಾಗಾಗಿ ಕಾನೂನಿಗೆ ಹೆದರಿ ಅವರು ಸತ್ಯ ಬರೆಯಬೇಕಾಯಿತು.

ಅರ್ಧ ಇಳಿಯುವಷ್ಟರಲ್ಲಿ ಆಕಳ ಬಾಯಿ ಒಣಗಿತು. ಬುಗ್ಗೆ ಹೇಗೆ ಒಣಗಿತು ಎಂದು ಯಾರೂ ಕೇಳಲಿಲ್ಲ. ಗಂಗವ್ವ ತವರಿಗೆ ಹೋಗಿದ್ದಾಳೆ ಎಂದ ಸ್ವಾಮಿ. ಸಾಬಮ್ಮನ ಮನೆಯ ನೆಲವೂ ಒಣಗಿತು. ಮಂಚದ ಕಾಲಿನ ಕಲ್ಲು ತೆಗೆದರು.

ಇನ್ನಷ್ಟು ಇಳಿದಾಗ ಒಡ್ಡಿನ ಒಳಮೈ ಕಂಡಿತು. ಹಾಸಿದ ಕಲ್ಲುಗಳು ಕುಸಿದು, ನಡುವೆ ಒಂದು ತೂತು ಬಿದ್ದಿತ್ತು. ಎಮ್ಮೆಯ ಕರು ನುಗ್ಗಬಹುದಾದಷ್ಟು ದೊಡ್ಡದು, ಒಳಗೆ ಕತ್ತಲೆ. ತೂತಿನ ಆ ತುದಿಯ ನೇರಕ್ಕೆ ಸಾಬಮ್ಮನ ಮನೆ. ಇಂಜಿನಿಯರ್ ಸಾಹೇಬರು ಮತ್ತೆ ಬಂದು ತೂತಿನ ಮುಂದೆ ಬಹಳ ಹೊತ್ತು ನಿಂತರು. ಈ ಸಲ ಬೂಟು ಬಿಚ್ಚಲಿಲ್ಲ, ಏನನ್ನೂ ಕುಡಿಯಲಿಲ್ಲ. ಸಕಾಲದಲ್ಲಿ ನೀರು ಬಿಟ್ಟ ಗೌಡರ ದೂರದೃಷ್ಟಿಯನ್ನು ಮೆಚ್ಚಿದರು.

ತೂತಿಗೆ ಮೊರಮಿನ ಚೀಲ ತುರುಕಿ, ಮೇಲೆ ಸಿಮೆಂಟು ಬಳಿದರು. ಸಿಮೆಂಟು ಒಣಗುವ ಮೊದಲೇ ಸ್ವಾಮಿ ಅದರ ಮೇಲೆ ಮೂರು ಬೆರಳಿನ ವಿಭೂತಿ ಎಳೆದ. ಅದೇ ದುರಸ್ತಿ, ಅದೇ ಶುದ್ಧಿ. ಖಾಲಿ ಡ್ಯಾಮಿನ ತಳಕ್ಕೆ ಗೋಮೂತ್ರ ಚಿಮುಕಿಸಿದರು. ದಶರಥನನ್ನು ಬೋಟಿನಿಂದ ತೆಗೆದರು. ಅವನು ಪರ್ಸಿ ಖಣಿಗೆ ಹೋಗತೊಡಗಿದ. ಸಾಬಮ್ಮನ ಜಾಕೆಟ್ಟಿನ ಇಲಾಖೆಯೂ ಹೋಯಿತು.

ಒಂದು ಮಧ್ಯಾಹ್ನ ದಶರಥ ಕಲ್ಲಿನ ಧೂಳಿನಲ್ಲಿ ಬೆಳ್ಳಗಾಗಿ ಮನೆಗೆ ಬಂದ. ಸಾಬಮ್ಮ ಬಾಗಿಲಲ್ಲಿ ಕಾಲು ಚಾಚಿ ಕುಳಿತು, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಹತ್ತಿರದಲ್ಲಿ ಚನ್ನು, ಹೊಟ್ಟೆ ಹೊತ್ತುಕೊಂಡು ಗೋಡೆಗೆ ಒರಗಿದ್ದಳು.

“ತೂಬು ಮುಚ್ಯಾರವ್ವ,” ಎಂದ ದಶರಥ. “ಆ ಸಿಮೆಂಟ ಹಪ್ಪಳದಂಗದ, ನಾ ಕೈಲೆ ತಟ್ಟಿ ನೋಡೀನಿ. ಈ ಮಳಿಗಿ ಮತ್ತ ತುಂಬಸ್ತಾರಂತ. ದಸರಾಕ್ಕ ಬೋಟ ಬಿಡ್ತಾರಂತ, ಗಂಗಾಪೂಜಿನೂ ಅವತ್ತೇ ಅಂತ.”

ಸಾಬಮ್ಮ ಕೂಸಿನ ಕಾಲನ್ನು ಅಡ್ಡ ಮಡಚಿ, ನೀಟಾಗಿ ಎಳೆದು ಬಿಟ್ಟಳು. ಬಾಗಿಲಾಚೆ ಒಡ್ಡಿನ ಮೇಲೆ ಆ ದೊಡ್ಡ ಬೋರ್ಡಿನ ಬೆನ್ನು ಕಾಣುತ್ತಿತ್ತು.

“ತುಂಬಿಸ್ಲಿ,” ಎಂದಳು. ಚನ್ನುವಿನ ಕಡೆ ತಿರುಗಿದಳು. “ನಿಂದು ಯಾವಾಗ ಅಂದಾರ ಚನ್ನು?”

“ದಸರಾ ಹಿಂದ-ಮುಂದ ಅಂದಾರ ಅತ್ತಿ.”

“ಭಾಳ ಛಲೋ ಆಯ್ತು,” ಎಂದಳು ಸಾಬಮ್ಮ, ಕೂಸಿನ ನೆತ್ತಿಗೆ ಎಣ್ಣೆ ಒತ್ತುತ್ತ. “ಒಂದ್ ಬಟ್ಟಿನೂ ಹಳ್ಳದಾಗ ಒಗಿಬ್ಯಾಡ್ರಿ. ಗಂಟು ಕಟ್ಟಿಡ್ರಿ.”